ಪುತ್ತೂರಿಗೆ ವಿಮಾನವೋ, ಬಸ್ಸೋ?

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ರಸ್ತೆಯಲ್ಲಾದರೆ ನೆಲಮಂಗಲ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು. ಸುಮಾರು 350 ಕಿ.ಮೀ., ಏಳೆಂಟು ಗಂಟೆ. ಈ ಎರಡು ಲೆಕ್ಕವನ್ನಷ್ಟೇ ನೋಡಿ ಟಿಕೆಟ್ ಮಾಡಿಸುವವರು ಬಹಳ ಜನ. ಆದರೆ ನಾವು ಹೊರಡುವುದು ಮನೆಯಿಂದ, ಸೇರಬೇಕಾದದ್ದೂ ಮನೆಗೇ.

ನಾನಿರುವುದು ಬನಶಂಕರಿಯಲ್ಲಿ, ಊರು ಪುತ್ತೂರು. 2008ರಲ್ಲಿ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದ ಮೇಲೆ ದಕ್ಷಿಣ ಬೆಂಗಳೂರಿನವರಿಗೆ ಅದು ಊರಿನ ಇನ್ನೊಂದು ತುದಿ. ಸಂಜೆಯ ಟ್ರಾಫಿಕ್‌ನಲ್ಲಿ ಅಲ್ಲಿಗೆ ಎರಡು ಗಂಟೆ. ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟ ಒಂದು ಗಂಟೆ. ಬಜ್ಪೆಯಲ್ಲಿ ಇಳಿದು ಬ್ಯಾಗು ಕೈಗೆ ಸಿಗುವಾಗ ಅರ್ಧ ಗಂಟೆ. ಅಲ್ಲಿಂದ ಬಿ.ಸಿ. ರೋಡ್, ಮಾಣಿ ಹಾದು ಪುತ್ತೂರಿಗೆ ಹತ್ತಿರ ಹತ್ತಿರ ಎರಡು ಗಂಟೆ. ಒಟ್ಟು ಏಳು ಗಂಟೆ ಆಯಿತು! ಬಸ್ಸಾದರೆ ಉಪ್ಪಿನಂಗಡಿಯಲ್ಲೇ ಪುತ್ತೂರಿನ ಕಡೆ ತಿರುಗುತ್ತದೆ; ಮನೆಬಾಗಿಲಿನಿಂದ ಮನೆಬಾಗಿಲಿಗೆ ಎಂಟು ಗಂಟೆ. ವಿಮಾನದವರು ಊರನ್ನು ದಾಟಿ ಮುಂದೆ ಹೋಗಿ, ಮತ್ತೆ ಹಿಂದೆ ಬರುವುದಕ್ಕೆ ದುಡ್ಡು ಕೊಡುತ್ತಾರೆ.

ಈಗ ದುಡ್ಡಿನ ಲೆಕ್ಕ. ವಿಮಾನದ ಟಿಕೆಟ್ 3,500 ರೂಪಾಯಿ, ಇಲ್ಲಿನ ಟ್ಯಾಕ್ಸಿ 1,200, ಅಲ್ಲಿನದು 1,800 ಎಂದಿಟ್ಟುಕೊಳ್ಳಿ: 6,500. ಸ್ಲೀಪರ್ ಬಸ್ಸು, ಆಟೊ ಸೇರಿ 1,300. ಹೆಚ್ಚಿಗೆ ಕೊಟ್ಟ 5,200 ರೂಪಾಯಿಗೆ ಉಳಿದದ್ದು ಒಂದೇ ಗಂಟೆ. ನಾನು ಪ್ರತಿ ಸಲವೂ ಹೀಗೇ ನೋಡುವುದು: ಹೆಚ್ಚುವರಿ ಖರ್ಚನ್ನು ಉಳಿಯುವ ಗಂಟೆಗಳಿಂದ ಭಾಗಿಸುವುದು. ಯಲಹಂಕದಲ್ಲಿದ್ದು ಸುರತ್ಕಲ್‌ಗೆ ಹೋಗುವವರು ಇದೇ ಲೆಕ್ಕ ಹಾಕಿದರೆ ಮೂರು–ನಾಲ್ಕು ಗಂಟೆ ಉಳಿಯುತ್ತದೆ, ಎರಡೂ ಕಡೆಯ ಟ್ಯಾಕ್ಸಿ ಖರ್ಚೂ ಕಡಿಮೆ. ಅವರಿಗೆ ವಿಮಾನ ದುಬಾರಿಯಲ್ಲ.

ರಾತ್ರಿ ಬಸ್ಸಿನಲ್ಲಿ ಹೋಗುವುದು ನಿದ್ದೆಯ ಹೊತ್ತು, ಕೆಲಸದ ಹೊತ್ತಲ್ಲ. ವಾಪಸ್ ಬರುವಾಗ ತೆಂಗಿನಕಾಯಿ, ಹಲಸಿನ ಹಪ್ಪಳ, ಕುಚ್ಚಲಕ್ಕಿಯ ಗೋಣಿ ಡಿಕ್ಕಿಗೆ ಹಾಕಿದರಾಯಿತು. ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ದಾಟಿದರೆ ಕಿಲೋ ಲೆಕ್ಕದಲ್ಲಿ ತೆರಬೇಕು. ಅಮ್ಮ ಕಟ್ಟಿಕೊಟ್ಟದ್ದು ಅದಕ್ಕಿಂತ ಕಡಿಮೆ ತೂಗಿದ್ದೇ ಇಲ್ಲ.

ಹಾಗೆಂದು ಬಸ್ಸೇ ಎಂದು ಹಟ ಹಿಡಿಯುವುದೂ ಸರಿಯಲ್ಲ. ಘಾಟಿಯ ತಿರುವುಗಳಲ್ಲಿ ನಿದ್ದೆ ಬಾರದವರಿಗೆ ಮರುದಿನವಿಡೀ ಹಾಳು. ಮಳೆಗಾಲದಲ್ಲಿ ಶಿರಾಡಿಯನ್ನು ನಂಬುವಂತಿಲ್ಲ; 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿತ್ತು. ಗುಡ್ಡದ ತಲೆಯ ಮೇಲಿರುವ ಮಂಗಳೂರಿನ ರನ್‌ವೇಯಲ್ಲೂ ಜೋರು ಮಳೆಗೆ ವಿಮಾನ ಇಳಿಯಲಾಗದೆ ಬೇರೆ ಊರಿಗೆ ಹೋಗುವುದುಂಟು. ಅಮ್ಮನಿಗೆ ಮಂಡಿನೋವು. ಅವರನ್ನು ಕರೆದುಕೊಂಡು ಬರುವಾಗ ನಾನು ಗಂಟೆಯ ಲೆಕ್ಕ ಹಾಕುವುದಿಲ್ಲ, ಗಾಲಿಕುರ್ಚಿ ಕೇಳಿ ವಿಮಾನವನ್ನೇ ಬುಕ್ ಮಾಡುತ್ತೇನೆ.

ದೀಪಾವಳಿಗೆ ಊರಿಗೆ ಹೋಗುವವರು ಈಗಲೇ ದರ ನೋಡಿಡಿ. ರಜೆಯ ಹಿಂದಿನ ರಾತ್ರಿ ಖಾಸಗಿ ಬಸ್ಸಿನ ದರವೂ ವಿಮಾನದ ಹತ್ತಿರಕ್ಕೆ ಏರುತ್ತದೆ. ಆಗ ಮೇಲಿನ ಲೆಕ್ಕವನ್ನು ಹೊಸದಾಗಿ ಹಾಕಬೇಕು.