ಹೈದರಾಬಾದಿಗೆ ಹೊರಟ ಮಕ್ಕಳಿಗೆ

ಮಕ್ಕಳೇ, ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಕಡೆಯಿಂದ ಓದಿಗೆ, ನೌಕರಿಗೆ ಹೈದರಾಬಾದ್ ಸೇರಿದ ನೀವು ರಜೆಗೆ ಊರಿಗೆ ಬಂದಾಗ ಒಲೆಯ ಹೊಗೆಗೆ ಮೂಗು ಮುಚ್ಚುತ್ತೀರಿ. ಮುಚ್ಚಿಕೊಳ್ಳಿ, ಆ ಹೊಗೆ ಕೆಟ್ಟದ್ದೇ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಉರಿಸಿ ರೊಟ್ಟಿ ಬಡಿದ ನಮ್ಮ ಹೆಣ್ಣುಮಕ್ಕಳ ಎದೆ, ಕಣ್ಣು ಎರಡೂ ಸೋತಿವೆ. ಆದರೆ ಹೊಗೆ ಊರಿನದು, ಪಟ್ಟಣ ಸ್ವಚ್ಛ ಅಂತ ಮಾತ್ರ ತಿಳಿಯಬೇಡಿ.

ಕೃಷ್ಣಾ ಸ್ಟೇಷನ್ ಬಿಟ್ಟು ರೈಲು ಹೊಳೆ ದಾಟುವಾಗ ಆಚೆ ದಡದ ಶಕ್ತಿನಗರದ ಚಿಮಣಿಗಳನ್ನು ನೋಡಿದ್ದೀರಿ. 1985ರಿಂದ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ, 1720 ಮೆಗಾವ್ಯಾಟ್. ಅದು ಕರ್ನಾಟಕದ್ದು. ನಿಮ್ಮ ಹೈದರಾಬಾದಿನ ಕರೆಂಟಿಗಾಗಿ ಕೊತ್ತಗೂಡೆಂ, ರಾಮಗುಂಡಂಗಳಲ್ಲಿ ಇಂಥವೇ ಚಿಮಣಿಗಳಿವೆ. ಫ್ಲ್ಯಾಟಿನ ಗೋಡೆಗೆ ಮಸಿ ಹತ್ತುವುದಿಲ್ಲ, ಯಾಕೆಂದರೆ ಅದರ ಒಲೆ ಅಲ್ಲಿ ಉರಿಯುತ್ತದೆ.

ಲೆಕ್ಕ ಹಾಕೋಣ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ರಾತ್ರಿಯಿಡೀ ಎಸಿ ಹಾಕಿ ಹತ್ತು ಯೂನಿಟ್ ಸುಟ್ಟರೆ ತಿಂಗಳಿಗೆ 210 ಕಿಲೋ. 14.2 ಕಿಲೋದ ಒಂದು ಗ್ಯಾಸ್ ಸಿಲಿಂಡರ್ ಪೂರ್ತಿ ಉರಿದರೆ 42 ಕಿಲೋ ಆಸುಪಾಸು. ಅಂದರೆ ಒಂದು ಕೋಣೆಯ ತಂಪಿಗೆ ಐದು ಸಿಲಿಂಡರ್! ಊರಲ್ಲಿ ಅವ್ವ ಒಂದು ಸಿಲಿಂಡರನ್ನು ಎರಡು ತಿಂಗಳು ಎಳೆಯುತ್ತಾಳೆ. ಮುಗಿದುಬಿಟ್ಟೀತೆಂದು ನೀರು ಕಾಯಿಸಲು ಮತ್ತೆ ಕುಳ್ಳೇ ಹಚ್ಚುತ್ತಾಳೆ. ಆ ಕುಳ್ಳಿನ, ಕಟ್ಟಿಗೆಯ ಇಂಗಾಲ ಹೋದ ವರ್ಷದ ಬೆಳೆ ಗಾಳಿಯಿಂದ ಎಳೆದುಕೊಂಡದ್ದು, ಮುಂದಿನ ಬೆಳೆ ಮತ್ತೆ ಎಳೆದುಕೊಳ್ಳುತ್ತದೆ. ಕಲ್ಲಿದ್ದಲಿಗೆ ಹಾಗೆ ಹಿಂದಿರುಗುವ ದಾರಿಯಿಲ್ಲ.

ಹಾಗಂತ ಅವ್ವ ಹೊಗೆಯಲ್ಲೇ ಇರಲಿ ಎನ್ನುವ ಮಾತು ನನ್ನದಲ್ಲ. ಅವಳಿಗೆ ಎರಡನೇ ಸಿಲಿಂಡರಿನ ದುಡ್ಡು ಕಳಿಸಿ, ಫ್ಯಾನು, ಫ್ರಿಡ್ಜು ಕೊಡಿಸಿ. ಅವಳ ಪಾಲು ಹೆಚ್ಚಬೇಕು, ಕಡಿಮೆಯಾಗಬೇಕಾದ್ದು ನಿಮ್ಮದು. ಎಸಿಯನ್ನು 18ಕ್ಕೆ ಇಟ್ಟು ಕಂಬಳಿ ಹೊದೆಯುವುದನ್ನು ಬಿಡಿ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ. 6ರಷ್ಟು ಕರೆಂಟ್ ಉಳಿಯುತ್ತದೆ. ಹಬ್ಬಕ್ಕೆ ಒಬ್ಬೊಬ್ಬರೇ ಕಾರಿನಲ್ಲಿ ಬರಬೇಡಿ. ಪೆಟ್ರೋಲು ಲೀಟರಿಗೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ, ಮಕ್ತಲ್‌ಗೆ ಬಸ್ಸುಗಳಿವೆ.

ಇನ್ನೊಂದನ್ನು ಬಹಳ ಕಾಳಜಿಯಿಂದ ಹೇಳುತ್ತೇನೆ. ನಾಲ್ಕು ಕಾಸು ಕೂಡಿದ ಕೂಡಲೇ ಊರ ಮನೆ ಕೆಡವಿ ಆರ್‌ಸಿಸಿ ಹಾಕುವ ಚಟ ನಮ್ಮಲ್ಲಿ ಬಂದಿದೆ. ಒಂದು ಚೀಲ ಸಿಮೆಂಟ್ ತಯಾರಾಗುವಷ್ಟರಲ್ಲೇ 30 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿರುತ್ತದೆ. ಮೇ ತಿಂಗಳ ಬಿಸಿಲಿಗೆ ಆ ಸ್ಲ್ಯಾಬು ನಡುರಾತ್ರಿಯವರೆಗೂ ಕಾವು ಬಿಡುತ್ತದೆ, ಆಮೇಲೆ ಊರಿಗೂ ಎಸಿ ಬೇಕಾಗುತ್ತದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವ ಮನೆ ಹಗಲಿಡೀ ತಂಪಾಗಿರುತ್ತದೆ. ಸೋರಿದರೆ ಮಾಳಿಗೆಗೆ ಹೊಸ ಮಣ್ಣು ಹಾಕಿಸಿ, ಹುಳು ಹಿಡಿದ ತೊಲೆಯನ್ನಷ್ಟೇ ಬದಲಾಯಿಸಿ, ಗೋಡೆಗಳನ್ನು ಉಳಿಸಿಕೊಳ್ಳಿ. ಈಗಾಗಲೇ ಸ್ಲ್ಯಾಬು ಹಾಕಿಸಿದವರು ಅದರ ಮೇಲೆ ಸೋಲಾರ್ ಕೂಡಿಸಿ. 2024ರ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಅರ್ಜಿ ಹಾಕುವುದು ಮೊಬೈಲಿನಲ್ಲಿ. ಅದು ಅಪ್ಪನಿಗೆ ಬಾರದು, ಈ ಸಲ ಊರಿಗೆ ಬಂದಾಗ ನೀವೇ ಕೂತು ತುಂಬಿಕೊಡಿ.