ಡ್ರೋನ್ ಹಾರಿಸುವ ಮುನ್ನ ಕಾನೂನು ತಿಳಿಯೋಣ



ಮದುವೆ, ಉರುಸ್, ಜಾತ್ರೆ ಎಲ್ಲೆಡೆ ಈಗ ಡ್ರೋನ್ ಕಾಣುತ್ತಿದೆ. ಹಲವರು ಅದನ್ನು ಆಟಿಕೆ ಎಂದುಕೊಂಡಿದ್ದಾರೆ. ಕಾನೂನಿನ ದೃಷ್ಟಿಯಲ್ಲಿ ಅದು ಮಾನವರಹಿತ ವಿಮಾನ. ರಾಜ್ಯಶಾಸ್ತ್ರದ ವಿದ್ಯಾರ್ಥಿನಿಯಾಗಿ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಎಲ್ಲಿ ಹಾರಿಸಬಹುದು?
‘ಡ್ರೋನ್ ನಿಯಮಗಳು, 2021’ ಆಕಾಶವನ್ನು ಮೂರು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಅನುಮತಿ ಬೇಕಿಲ್ಲ. ಹಳದಿ ವಲಯದಲ್ಲಿ ವಾಯು ಸಂಚಾರ ನಿಯಂತ್ರಣ ಅಧಿಕಾರಿಗಳ ಅನುಮತಿ, ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಕಡ್ಡಾಯ. ಡ್ರೋನ್ ನೋಂದಾಯಿಸಿ ಗುರುತಿನ ಸಂಖ್ಯೆಯನ್ನೂ ಪಡೆಯಬೇಕು. ನಿಯಮ ಮೀರಿದರೆ 1 ಲಕ್ಷ ರೂಪಾಯಿವರೆಗೆ ದಂಡ.

ಯಾರು ಹಾರಿಸಬಹುದು?
250 ಗ್ರಾಂಗಿಂತ ಹೆಚ್ಚು, 2 ಕೆ.ಜಿ.ವರೆಗಿನ ಡ್ರೋನನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಹಣ ಪಡೆದು ಮದುವೆ ಚಿತ್ರೀಕರಿಸಲು ಬೇಕು. ಅದಕ್ಕೆ 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ತರಬೇತಿಯನ್ನೂ ಮುಗಿಸಿರಬೇಕು.

ಯಾವುದಕ್ಕೆ ಜೈಲು?
ಅಜಾಗರೂಕತೆಯಿಂದ ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್ ಅನ್ವಯಿಸುತ್ತದೆ. ತೀವ್ರ ಗಾಯವಾದರೆ 3 ವರ್ಷದವರೆಗೆ ಜೈಲು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಶಿಕ್ಷೆಯಾಗಬಹುದು.

ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಚಿತ್ರೀಕರಿಸುವುದು 77ನೇ ಸೆಕ್ಷನ್‌ನಡಿ ಅಪರಾಧ. ಮೊದಲ ಬಾರಿಗೆ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಸೆಕ್ಷನ್‌ನಲ್ಲಿ ‘ಡ್ರೋನ್’ ಎಂಬ ಪದವೇ ಇಲ್ಲ. ಕಾನೂನು ನೋಡುವುದು ಮಾಡಿದ ಕೃತ್ಯವನ್ನು. ಮೊಬೈಲ್‌ನಿಂದ ಮಾಡಿದರೂ ಡ್ರೋನ್‌ನಿಂದ ಮಾಡಿದರೂ ಶಿಕ್ಷೆ ಒಂದೇ.

18 ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಬರುತ್ತದೆ. ಹಾಗೆಂದು ತಪ್ಪು ತಪ್ಪಲ್ಲ ಎಂದಾಗುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇನ್ನೊಬ್ಬರ ಮನೆಗೆ ಹೋದಾಗ ಹೊರಗೆ ನಿಂತು ಸಲಾಂ ಹೇಳಿ, ಅನುಮತಿ ಸಿಕ್ಕ ಮೇಲೆಯೇ ಒಳಗೆ ಕಾಲಿಡಬೇಕೆಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ತಾರಸಿಯ ಮೇಲಿಂದ ಇಣುಕುವ ಕ್ಯಾಮೆರಾಕ್ಕೂ ಅದೇ ಅದಬು ಅನ್ವಯಿಸುತ್ತದೆ.

ಡ್ರೋನ್ ಕಲಿಯೋಣ, ಅದರಿಂದ ಸಂಪಾದನೆಯನ್ನೂ ಮಾಡೋಣ. ಆದರೆ ಹಾರಿಸುವ ಮುನ್ನ ವಲಯ ಯಾವುದೆಂದು ನೋಡೋಣ, ಕೆಳಗಿರುವವರ ಒಪ್ಪಿಗೆ ಕೇಳೋಣ.