ಹೊರಗೆ ಬರುವ ದಾರಿ

ತಿಪಟೂರು

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದ.

ಗೆಳತಿಯ ಜೊತೆ ಸೇರಿ ಕುರುಕಲು ತಿಂಡಿ ಮಾಡಿ ಮಾರುತ್ತೀಯೆಂದು ಓದಿ ನಿನ್ನಮ್ಮನೂ ನಾನೂ ಹಿಗ್ಗಿದೆವು. ಪಾಲುದಾರಿಕೆಯೋ, ಎಲ್‌ಎಲ್‌ಪಿಯೋ, ಪ್ರೈವೇಟ್ ಲಿಮಿಟೆಡ್ಡೋ ಎಂದು ಕೇಳಿದ್ದೀಯ. ಉತ್ತರ ಬರೆಯಲು ಕೂತರೆ ನಮ್ಮ ಹಳೇ ಕೊಬ್ಬರಿ ಮಂಡಿಯೇ ಕಣ್ಮುಂದೆ ಬರುತ್ತದೆ.

ಆಗ ನಿನಗೆ ಮೂರು ವರ್ಷ. ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಒಳಗೆ ಕೊಬ್ಬರಿ ಗುಡುಗುಡು ಎಂದರೆ ಕೇಕೆ ಹಾಕುತ್ತಿದ್ದೆ. ಮಂಡಿ ನನ್ನದೂ ನನ್ನ ಸ್ನೇಹಿತನದೂ. ಕರಾರು ಪತ್ರ, ನೋಂದಣಿ ಎಲ್ಲ ಕ್ರಮವಾಗಿತ್ತು. ಬಿಟ್ಟು ಬರುವಾಗ ಮಾತ್ರ ಲೆಕ್ಕ ಚುಕ್ತಾ ಮಾಡಿ, ಅವನ ಮನೆಯಲ್ಲಿ ಕಾಫಿ ಕುಡಿದು ಎದ್ದು ಬಂದೆ. ಅಷ್ಟೇ.

ಎಂಟು ತಿಂಗಳಾದ ಮೇಲೆ ಸಾಲಗಾರರು ನಮ್ಮ ಜಗಲಿಗೆ ಬಂದರು. ನಾನು ಬಿಟ್ಟ ಮೇಲೆ ಅವನು ಉದ್ರಿ ತಂದಿದ್ದ ಮಾಲು. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ, ಬಿಟ್ಟವನು ಸಾರ್ವಜನಿಕ ಪ್ರಕಟಣೆ ಕೊಡುವ ತನಕ, ಅವನನ್ನು ಪಾಲುದಾರನೆಂದು ತಿಳಿದು ವ್ಯವಹರಿಸಿದವರಿಗೆ ಅವನೂ ಹೊಣೆ. ರಿಜಿಸ್ಟ್ರಾರರಿಗೆ ನೋಟಿಸು, ಗೆಜೆಟ್ಟಿನಲ್ಲೂ ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ: ಯಾವುದನ್ನೂ ನಾನು ಕೊಟ್ಟಿರಲಿಲ್ಲ. ಸ್ನೇಹಿತನ ಕೈಯಲ್ಲಿ ಕಾಸಿರಲಿಲ್ಲ, ಪೂರ್ತಿ ಬಾಕಿ ನನ್ನ ತಲೆಗೇ ಬಂತು. ನಿನ್ನಮ್ಮನ ನಾಲ್ಕು ಬಳೆ ಆಗಲೇ ಹೋದದ್ದು. ತಪ್ಪು ನನ್ನದು ಮಗಳೇ.

ನಿಮ್ಮಿಬ್ಬರಿಗೆ ಎಲ್‌ಎಲ್‌ಪಿ (ಹೊಣೆಗೆ ಮಿತಿಯಿರುವ ಪಾಲುದಾರಿಕೆ) ಸಾಕು ಅನ್ನಿಸುತ್ತದೆ. ಹೊರಗಿನವರಿಂದ ಬಂಡವಾಳ ತರುವ ಕಾಲಕ್ಕೆ ಕಂಪನಿಯ ಮಾತು. 2008ರ ಎಲ್‌ಎಲ್‌ಪಿ ಕಾಯಿದೆಯಲ್ಲಿ ಪಾಲುದಾರಳಾದ ಮಾತ್ರಕ್ಕೆ ಸಂಸ್ಥೆಯ ಸಾಲ ನಿನ್ನ ಮನೆಬಾಗಿಲಿಗೆ ಬರುವುದಿಲ್ಲ; ಆದರೆ ಬ್ಯಾಂಕಿನವರು ಸ್ವಂತ ಜಾಮೀನಿಗೆ ಸಹಿ ಕೇಳಿದರೆ ಓದದೆ ಹಾಕಬೇಡ.

ಯಾವುದನ್ನೇ ಆರಿಸು, ಬಿಡುವುದು ಹೇಗೆಂಬುದನ್ನು ಮೊದಲ ದಿನವೇ ಒಪ್ಪಂದದಲ್ಲಿ ಬರೆಸು. ಗೆಳತಿ ಬೇಸರ ಮಾಡಿಕೊಂಡಾಳೆಂದು ಹಿಂಜರಿಯಬೇಡ, ಅವಳಿಗೂ ಅದೇ ರಕ್ಷೆ. ಎಲ್‌ಎಲ್‌ಪಿಯಲ್ಲಿ ಒಬ್ಬರು ಬಿಟ್ಟರೆ 30 ದಿನದೊಳಗೆ ರಿಜಿಸ್ಟ್ರಾರರಿಗೆ ತಿಳಿಸಬೇಕು. ಸಂಸ್ಥೆ ತಿಳಿಸಲಾರದೆಂಬ ಅನುಮಾನ ಬಂದರೆ, ಬಿಟ್ಟವರೇ ಸಲ್ಲಿಸಬಹುದು.

ಒಪ್ಪಂದದ ಕರಡು ಸಿದ್ಧವಾದ ಮೇಲೆ ಗೆಳತಿಯನ್ನೂ ಕರೆದುಕೊಂಡು ಒಂದು ಭಾನುವಾರ ಊರಿಗೆ ಬಾ. ಸಹಿ ಹಾಕುವ ಮುಂಚೆ ಮೂವರೂ ಕೂತು ಓದೋಣ.

ನಿನ್ನ
ಅಪ್ಪ